ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರೂ ರೋಗಿಗಳ ಆಹಾರವೂ

ಕೈಯಲ್ಲಿ ದೀಪವನ್ನು ಹಿಡಿದುಕೊಂಡು ರಾತ್ರಿವೇಳೆ ಗಾಯಪಟ್ಟ ಸಿಪಾಯಿಗಳ ಹಾಸಿಗೆಗಳ ನಡುವೆ ನಡೆದುಹೋಗುವ ಒಬ್ಬ ಸ್ತ್ರೀಯ ಚಿತ್ರವನ್ನು ಆಸ್ಪತ್ರೆಗಳ ಗೋಡೆಗಳಲ್ಲಿಯೂ ಶಾಲಾಪುಸ್ತಕಗಳಲ್ಲಿಯೂ ವಾಚಕರಲ್ಲಿ ಅನೇಕರು ನೋಡಿರಬಹುದು. ಆ ಸ್ತ್ರೀಯೇ ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರು. ದೀಪದ ಸಂಗತಿಯು ಎಲ್ಲರಿಗೂ ತಿಳಿದದ್ದೇ. ಆದರೆ ಆ ಅಮ್ಮನವರು ಯುದ್ಧದ ಆಸ್ಪತ್ರೆಗೆ ಬಂದು ಮುಟ್ಟಿದಾಗ ಮೊತ್ತಮೊದಲು ಕೈಗೆ ತಕ್ಕೊಂಡದ್ದು ಸೌಟನ್ನು ಎಂಬದು ಅನೇಕರಿಗೆ ತಿಳಿಯದು. ಸಾವಿನ ಅಂಚಿನಲ್ಲಿರುವ ರೋಗಿಗೆ ಏನನ್ನು, ಯಾವಾಗ, ಎಷ್ಟು, ಯಾವ ರೀತಿಯಲ್ಲಿ ಉಣ್ಣಿಸಬೇಕೆಂಬ ವಿಷಯದಲ್ಲಿ ಅವರು ಪಟ್ಟ ಪ್ರಯಾಸವನ್ನು ಇಲ್ಲಿ ಹೇಳುವೆವು.

ಫ್ಲಾರೆನ್ಸಳು 1820ನೇ ಇಸವಿಯ ಮೇ 12ರಲ್ಲಿ ಇಟಲಿ ದೇಶದ ಫ್ಲಾರೆನ್ಸ್ ಪಟ್ಟಣದಲ್ಲಿ ಹುಟ್ಟಿದಳು. ತಂದೆತಾಯಿಗಳು ಇಂಗ್ಲೆಂಡಿನ ಐಶ್ವರ್ಯವಂತರು. ದೇಶಸಂಚಾರದಲ್ಲಿದ್ದಾಗ ಹುಟ್ಟಿದ ಮಗುವಿಗೆ ಆ ಪಟ್ಟಣದ ಹೆಸರನ್ನೇ ಇಟ್ಟರು. ಬೇಸಿಗೆಗೊಂದು ಮನೆ, ಚಳಿಗಾಲಕ್ಕೊಂದು ಮನೆ, ಆಳುಕಾಳುಗಳು, ಕುದುರೆಗಾಡಿಗಳು, ಇವೆಲ್ಲಾ ಇದ್ದವು. ತಂದೆಯು ತಾನೇ ಕೂತುಕೊಂಡು ಇಬ್ಬರು ಹೆಣ್ಣುಮಕ್ಕಳಿಗೆ ಗ್ರೀಕ್, ಲತೀನ್, ಚರಿತ್ರೆ ಮುಂತಾದವುಗಳನ್ನು ಕಲಿಸಿದನು. ಫ್ಲಾರೆನ್ಸಳಿಗೆ ಲೆಕ್ಕದಲ್ಲಿ ಬಲು ಆಸಕ್ತಿ. ಈ ಲೆಕ್ಕದ ಬುದ್ಧಿಯು ಮುಂದೆ ಎಷ್ಟು ಪ್ರಯೋಜನಕ್ಕೆ ಬಂತೆಂಬದನ್ನು ವಾಚಕರು ಕಾಣುವರು.

1837ರ ಫೆಬ್ರವರಿ 7ರಲ್ಲಿ, ಹದಿನಾರು ವರುಷದವಳಾಗಿದ್ದಾಗ, ದೇವರು ತನ್ನನ್ನು ತನ್ನ ಸೇವೆಗೆ ಕರೆದನೆಂದು ಆಕೆಗೆ ನಿಶ್ಚಯವಾಯಿತು. ಆದರೆ ಯಾವ ಸೇವೆಗೆ ಎಂಬದು ತಿಳಿಯಲಿಲ್ಲ. ಅದು ರೋಗಿಗಳ ಸೇವೆಯೇ ಎಂದು ಮನಸ್ಸಿಗೆ ಸ್ಪಷ್ಟವಾಗುವದಕ್ಕೆ ಕೆಲವು ವರುಷಗಳು ಹಿಡಿದವು. ಸ್ಪಷ್ಟವಾದ ಮೇಲೆ ಮನೆಯವರು ಒಪ್ಪಲಿಲ್ಲ. ಅವರ ಮೇಲೆ ತಪ್ಪು ಹೊರಿಸುವದು ಕಷ್ಟ. ಯಾಕಂದರೆ ಆ ಕಾಲದ ಇಂಗ್ಲೆಂಡಿನ ಆಸ್ಪತ್ರೆಗಳು ನಾರುವ ಸ್ಥಳಗಳಾಗಿದ್ದವು. ಅಲ್ಲಿಯ ದಾದಿಯರಲ್ಲಿ ಅನೇಕರು ಕುಡುಕತನಕ್ಕೂ ದುರ್ನಡತೆಗೂ ಹೆಸರುಹೊಂದಿದವರು. ಮರ್ಯಾದಸ್ಥರು ತಮ್ಮ ಮಗಳನ್ನು ಅಂಥಲ್ಲಿಗೆ ಕಳುಹಿಸುವದು ಹೇಗೆ? ಆದರೂ ತಾಯಿಯೂ ಅಕ್ಕನೂ ಅತ್ತು ಕರೆದು ಹಟಹಿಡಿದದ್ದರಿಂದ ಫ್ಲಾರೆನ್ಸಳ ಯೌವನದ ಹತ್ತು ಹನ್ನೆರಡು ವರುಷಗಳು ವ್ಯರ್ಥವಾಗಿ ಕಳೆದುಹೋದವೆಂಬದು ನಿಜವೇ.

ಜರ್ಮನಿ ದೇಶದಲ್ಲಿ ರೈನ್ ನದಿಯ ದಡದಲ್ಲಿರುವ ಕೈಸರ್ಸ್‌ವೆರ್ತ್ ಎಂಬ ಊರಲ್ಲಿ ಥಿಯೋದೋರ್ ಫ್ಲೀಡ್ನರ್ ಎಂಬ ಪಾದ್ರಿಗಳು 1836ರಲ್ಲಿ ಸುವಾರ್ತಿಕ ಸಭೆಯ ಸೇವಕಿಯರಿಗಾಗಿ ಒಂದು ಆಶ್ರಮವನ್ನೂ ಆಸ್ಪತ್ರೆಯನ್ನೂ ಸ್ಥಾಪಿಸಿದ್ದರು. ನೈಟಿಂಗೇಲ್ ಅಮ್ಮನವರು 1850ರಲ್ಲಿ ಅದನ್ನು ನೋಡಿ ಬಂದು, 1851ರಲ್ಲಿ ಮೂರು ತಿಂಗಳು ಅಲ್ಲೇ ಇದ್ದು ಕೆಲಸ ಕಲಿತರು. ಬೆಳಿಗ್ಗೆ ಐದು ಗಂಟೆಗೆ ಏಳಬೇಕು, ಒಂದೊಂದು ಊಟಕ್ಕೆ ಹತ್ತೇ ನಿಮಿಷ, ಊಟವೋ ಬಡವರದು. ಐಶ್ವರ್ಯದಲ್ಲಿ ಬೆಳೆದ ಅವರು ಅಲ್ಲಿ ಸಂತೋಷವಾಗಿದ್ದರು. ಆ ಸೇವಕಿಯರ ಭಕ್ತಿಯನ್ನು ಕೊನೆಯ ವರೆಗೂ ಹೊಗಳುತ್ತಿದ್ದರು. ಆದರೆ ಅಲ್ಲಿಯ ಶುಶ್ರೂಷೆ ಮಾತ್ರ ಉತ್ತಮವಾಗಿರಲಿಲ್ಲವೆಂದೂ, ಶುಚಿತ್ವವು ಬಹಳ ಕಡಿಮೆಯೆಂದೂ ಮುಂದೆ ಬರೆದಿಟ್ಟರು. ಭಕ್ತಿ ಇದ್ದಲ್ಲಿ ಕೈಕೆಲಸವು ತಾನಾಗಿ ಬರುವದೆಂಬ ಭ್ರಮೆಯು ಅವರಿಗೆ ಇರಲಿಲ್ಲ.

1853ರಲ್ಲಿ ಲಂಡನಿನ ಹಾರ್ಲೆ ಬೀದಿಯಲ್ಲಿ, ಬಡತನಕ್ಕೆ ಬಂದ ಕುಲೀನ ಸ್ತ್ರೀಯರಿಗಾಗಿದ್ದ ಒಂದು ಸಣ್ಣ ಆಸ್ಪತ್ರೆಯ ಮೇಲ್ವಿಚಾರಣೆಯು ಅವರಿಗೆ ದೊರೆಯಿತು. ಅಲ್ಲಿ ಅವರು ಮಾಡಿಸಿದ ಮೊದಲನೆಯ ಕೆಲಸಗಳಲ್ಲಿ ಎರಡನ್ನು ಹೇಳಬೇಕು: ಬಿಸಿನೀರು ಕೊಳವೆಯಿಂದ ಮೇಲಂತಸ್ತುಗಳಿಗೆ ಏರುವಂತೆ ಮಾಡಿಸಿದರು, ಅಡಿಗೆಮನೆಯಿಂದ ರೋಗಿಗಳ ಊಟವು ಮೇಲಕ್ಕೆ ಹೋಗಲು ಹಗ್ಗದಿಂದೆಳೆಯುವ ಒಂದು ಪೆಟ್ಟಿಗೆಯಂತ್ರವನ್ನು ಇಡಿಸಿದರು. ದಾದಿಯು ಮೆಟ್ಟಲು ಹತ್ತಿ ಇಳಿಯುವದರಲ್ಲೇ ದಿನ ಕಳೆದರೆ ರೋಗಿಯನ್ನು ನೋಡುವವರು ಯಾರು, ಊಟವು ತಣ್ಣಗಾಗಿ ಮುಟ್ಟಿದರೆ ತಿನ್ನುವವರು ಯಾರು ಎಂಬದೇ ಅವರ ಯೋಚನೆ.

ಹೀಗಿರುವಾಗ ಕ್ರಿಮಿಯಾ ಯುದ್ಧವು ಬಂತು. ಇಂಗ್ಲಿಷರೂ ಫ್ರೆಂಚರೂ ತುರ್ಕರ ಕೂಡ ಸೇರಿ ರುಷ್ಯದವರ ಮೇಲೆ ದಂಡೆತ್ತಿ ಹೋದರು. 1854ರ ಶರತ್ಕಾಲದಲ್ಲಿ, ಕಾನ್‌ಸ್ಟಾಂಟಿನೋಪಲಿನ ಎದುರುದಡದಲ್ಲಿರುವ ಸ್ಕುಟಾರಿಯ ಆಸ್ಪತ್ರೆಯಲ್ಲಿ ಸಿಪಾಯಿಗಳು ದಿಕ್ಕಿಲ್ಲದೆ ಸಾಯುತ್ತಿದ್ದಾರೆಂಬ ಸುದ್ದಿಯು ವರ್ತಮಾನಪತ್ರದಲ್ಲಿ ಬಂದಾಗ ಇಂಗ್ಲೆಂಡ್ ದೇಶವೆಲ್ಲಾ ಕಳವಳಪಟ್ಟಿತು. ಯುದ್ಧದ ಮಂತ್ರಿಗಳಾದ ಸಿಡ್ನಿ ಹರ್ಬರ್ಟ್ ದೊರೆಗಳು ನೈಟಿಂಗೇಲ್ ಅಮ್ಮನವರಿಗೆ ಬರೆದು ಕೇಳಿಕೊಂಡರು. ನವಂಬರ ತಿಂಗಳ ಮೊದಲನೆಯ ವಾರದಲ್ಲಿ ಅವರು 38 ಮಂದಿ ಸ್ತ್ರೀಯರ ಸಂಗಡ ಸ್ಕುಟಾರಿಗೆ ಬಂದು ಮುಟ್ಟಿದರು.

ಅಲ್ಲಿ ಅವರು ಕಂಡ ಅಡಿಗೆಯ ವ್ಯವಸ್ಥೆಯನ್ನು ಸ್ವಲ್ಪ ವಿವರವಾಗಿ ಹೇಳುವದು ಯುಕ್ತ. ಅದು ಆಸ್ಪತ್ರೆಗಾಗಿ ಕಟ್ಟಿದ ಕಟ್ಟಡವಲ್ಲ, ತುರ್ಕರ ದಂಡಿನ ಠಾಣೆ. ಸಾವಿರಾರು ರೋಗಿಗಳಿಗೆ ಹದಿಮೂರು ತಾಮ್ರದ ಹಂಡೆಗಳಲ್ಲಿ ಅಡಿಗೆಯಾಗುತ್ತಿತ್ತು. ಬೆಳಿಗ್ಗೆ ಒಂದೊಂದು ಕೋಣೆಯ ಪರಿಚಾರಕನು ಉಗ್ರಾಣದ ಮುಂದೆ ಸಾಲಾಗಿ ನಿಂತು ತನ್ನವರ ಮಾಂಸದ ಪಾಲನ್ನು ತೂಗಿಸಿ ತಕ್ಕೊಂಡು, ಅದನ್ನು ಒಂದು ಹಲಗೆಗೆ ಬಿಗಿದು ಕಟ್ಟಿ, ತನ್ನದೆಂಬ ಗುರುತಿಗಾಗಿ ಹರಕುಬಟ್ಟೆಯ ಚೂರನ್ನೋ, ಹಳೆಯ ಮೊಳೆಯನ್ನೋ, ಅಂಗಿಯ ಗುಂಡಿಯನ್ನೋ ಸಿಕ್ಕಿಸಿ ಹಂಡೆಯೊಳಗೆ ಬಿಡುವನು. ನೀರು ಕುದಿಯುವದಕ್ಕೆ ಮುಂಚೆ ಹಾಕಿದವರೂ ಉಂಟು, ಕುದಿದ ಮೇಲೆ ಹಾಕಿದವರೂ ಉಂಟು. ಬೆಂಕಿ ಆರಿದಾಗ ಎಲ್ಲರೂ ತಮ್ಮ ತಮ್ಮದನ್ನು ಎಳಕೊಳ್ಳುವರು. ಬಿಗಿದು ಕಟ್ಟಿದ್ದರಿಂದ ಹೊರಗೆ ಬೆಂದು ಒಳಗೆ ಹಸಿಯಾಗಿರುವದು. ಮೂಳೆ, ಕೊಬ್ಬು, ನರ ಎಲ್ಲವೂ ತೂಕದಲ್ಲಿ ಸೇರಿದ್ದರಿಂದ ಒಬ್ಬನ ಪಾಲಿಗೆ ಬರೇ ಮೂಳೆಯೇ ಬಂದರೂ ಬಂತು. ಮೂಳೆಯನ್ನು ಬಿಡಿಸಿ ಮಾಂಸವನ್ನು ಹಂಚಬಾರದೇ ಎಂದು ನೈಟಿಂಗೇಲ್ ಅಮ್ಮನವರು ಕೇಳಿದಾಗ, ಹಾಗೆ ಮಾಡಬೇಕಾದರೆ ದಂಡಿನ ನಿಯಮವನ್ನೇ ತಿದ್ದಬೇಕಾಗುವದೆಂಬ ಉತ್ತರವು ದೊರೆಯಿತು. ಮಾಂಸ ಬೆಂದ ಅದೇ ಹಂಡೆಯಲ್ಲಿ, ತೊಳೆಯದೆ, ಚಹವನ್ನು ಕಾಯಿಸುತ್ತಿದ್ದರು. ಮಾಂಸ ಬೆಂದ ನೀರನ್ನೋ, ಅದರಲ್ಲಿದ್ದ ಸತ್ವವನ್ನು ಅರಿಯದೆ, ಚೆಲ್ಲುತ್ತಿದ್ದರು. ಊಟವು ಉದ್ದವಾದ ಓಣಿಗಳನ್ನು ದಾಟಿ ಹಾಸಿಗೆಯ ಬಳಿಗೆ ಬರುವಷ್ಟರಲ್ಲಿ ತಣ್ಣಗಾಗಿ ಕೊಬ್ಬು ಹೆಪ್ಪುಗಟ್ಟಿರುವದು.

ಗಟ್ಟಿಮುಟ್ಟಾದ ಮನುಷ್ಯನಾದರೆ ಇದನ್ನು ಹೇಗೋ ಅಗಿದು ನುಂಗಿಯಾನು. ಆದರೆ ಅಲ್ಲಿ ಮಲಗಿದ್ದವರು ಯಾರು? ರಕ್ತಭೇದಿಯಿಂದ ಕರುಳು ಹುಣ್ಣಾದವರು, ವಿಷಮಜ್ವರದಿಂದ ಪ್ರಜ್ಞೆ ತಪ್ಪಿದವರು, ಕಾಲು ಕತ್ತರಿಸಲ್ಪಟ್ಟು ರಕ್ತ ಹೋದವರು, ತರಕಾರಿಯಿಲ್ಲದೆ ಉಪ್ಪುಮಾಂಸವನ್ನೇ ತಿಂದು ಸ್ಕರ್ವಿ ರೋಗದಿಂದ ವಸಡು ಬಾತು ಹಲ್ಲು ಅಲುಗಾಡುವವರು. ಅಂಥವನ ಮುಂದೆ ಅರೆಬೆಂದ ಮಾಂಸದ ತುಂಡನ್ನಿಟ್ಟು ಹೋದರೆ ಅವನು ಹಸಿವಿನಿಂದಲೇ ಸಾಯಬೇಕಷ್ಟೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಅವನಿಗೆ ಆ ದಿನದ ಊಟವು ಸಂದಿತೆಂದು ಬರೆದಿರುವದು.

ಬಂದ ಹೊಸತರಲ್ಲಿ ವೈದ್ಯರು ಈ ಸ್ತ್ರೀಯರನ್ನು ರೋಗಿಗಳ ಹತ್ತಿರ ಬಿಡಲಿಲ್ಲ. ಹೆಂಗಸರಿಗೆ ಇಲ್ಲಿ ಏನು ಕೆಲಸವೆಂಬ ತಾತ್ಸಾರ ಅವರಿಗೆ. ನೈಟಿಂಗೇಲ್ ಅಮ್ಮನವರು ಜಗಳವಾಡದೆ, ವೈದ್ಯರ ಅಪ್ಪಣೆಯಿಲ್ಲದೆ ತಮ್ಮವರಲ್ಲಿ ಒಬ್ಬಳೂ ರೋಗಿಯನ್ನು ಮುಟ್ಟಬಾರದೆಂದು ಕಟ್ಟುಮಾಡಿ ಕಾದರು. ಮಧ್ಯದಲ್ಲಿ, ದಾರಿಯಲ್ಲಿ ಮಾರ್ಸೇಲ್ಸ್ ಪಟ್ಟಣದಲ್ಲಿ ಕೊಂಡುತಂದಿದ್ದ ಸಣ್ಣ ಒಲೆಗಳನ್ನೂ, ಕೂವೆಹಿಟ್ಟನ್ನೂ, ದ್ರಾಕ್ಷಾರಸವನ್ನೂ, ಮಾಂಸಸತ್ವವನ್ನೂ ಹೊರಗೆ ತೆಗೆದರು. ಬಾಲಕ್ಲಾವ, ಇಂಕರ್ಮನ್ ಎಂಬ ಕಾಳಗಗಳಲ್ಲಿ ಗಾಯಗೊಂಡವರು ಹಡಗುಹಡಗಾಗಿ ಬಂದಿಳಿಯುತ್ತಿದ್ದ ದಿವಸಗಳವು. ಬಿಸಿಯಾದ ಕೂವೆಗಂಜಿಯ ಬಟ್ಟಲುಗಳು ಆ ಚಿಕ್ಕ ಒಲೆಗಳಿಂದ ಹೋಗತೊಡಗಿದವು. ಕೆಲವೇ ದಿನಗಳಲ್ಲಿ ವೈದ್ಯರು ತಾವಾಗಿಯೇ ಬಂದು ಸಹಾಯ ಕೇಳಿದರು. ಗಾಯ ಕಟ್ಟುವದಕ್ಕೆ ಬಿಡದವರು ಗಂಜಿಗೆ ಬಾಗಿಲು ತೆರೆದರು. ಗಂಜಿಯ ಹಿಂದೆ ಉಳಿದದ್ದೆಲ್ಲಾ ಒಳಗೆ ಹೋಯಿತು.

ಹೀಗೆ ವಿಶೇಷ ಪಥ್ಯದ ಅಡಿಗೆಮನೆಗಳು ಹುಟ್ಟಿದವು. ದೊಡ್ಡ ಹಂಡೆಗಳ ಊಟವನ್ನು ತಿನ್ನಲಾರದವರಿಗೆ ಇಲ್ಲಿ ಮಾಂಸದ ಸಾರು, ಕೋಳಿಸಾರು, ಕೂವೆಗಂಜಿ, ಅನ್ನದ ಪಾಯಸ, ಮೊಟ್ಟೆ, ದ್ರಾಕ್ಷಾರಸ ಮುಂತಾದವುಗಳು ಸಿದ್ಧವಾಗುತ್ತಿದ್ದವು. ವೈದ್ಯನು ಸಹಿಮಾಡಿದ ಚೀಟಿಯಿಲ್ಲದೆ ಒಂದು ಚಮಚವನ್ನೂ ಕೊಡುತ್ತಿರಲಿಲ್ಲ. ಇದು ಕಠಿಣವೆಂದು ಕೆಲವರು ಗುಣುಗುಟ್ಟಿದರು. ಆದರೆ ಕರುಳು ಹುಣ್ಣಾದವನಿಗೆ ಕನಿಕರದಿಂದ ಕೊಟ್ಟ ತುತ್ತು ಪ್ರಾಣವನ್ನು ತೆಗೆದೀತೆಂಬದು ಅವರಿಗೆ ಗೊತ್ತಿತ್ತು. ಸರಕಾರದ ಉಗ್ರಾಣದಲ್ಲಿ ಇಲ್ಲದ್ದನ್ನು, ಟೈಮ್ಸ್ ಪತ್ರಿಕೆಯವರು ಕೂಡಿಸಿದ ಧರ್ಮಹಣದಿಂದಲೂ ಸ್ವಂತ ಹಣದಿಂದಲೂ ಕಾನ್‌ಸ್ಟಾಂಟಿನೋಪಲಿನ ಪೇಟೆಯಲ್ಲಿ ಕೊಂಡು ತರಿಸಿದರು. ತಾನಾಗಿ ಕೈಯೆತ್ತಲಾರದವರ ಬಳಿಯಲ್ಲಿ ದಾದಿಯರು ಕೂತು ಚಮಚದಿಂದ ಗುಟುಕುಗುಟುಕಾಗಿ ಕುಡಿಸಿದರು.

ಉಗ್ರಾಣಗಳ ಸ್ಥಿತಿಗೆ ಒಂದು ದೃಷ್ಟಾಂತ ಸಾಕು. ಸ್ಕರ್ವಿಗೆ ನಿಂಬೆಯ ರಸವೇ ಮದ್ದೆಂಬದು ನೌಕಾಸೈನ್ಯದವರಿಗೆ ಅರ್ಧ ಶತಮಾನಕ್ಕಿಂತಲೂ ಮುಂಚೆ ತಿಳಿದಿತ್ತು. 1854ರ ದಶಂಬರದಲ್ಲಿ 20,000 ರಾತ್ಲು ನಿಂಬೆರಸವು ಬಾಲಕ್ಲಾವ ಬಂದರಕ್ಕೆ ಬಂದು ಮುಟ್ಟಿತು. ಸಿಪಾಯಿಗಳ ದಿನದ ಪಡಿಯಲ್ಲಿ ಅದನ್ನು ಸೇರಿಸಬೇಕೆಂಬ ಆಜ್ಞೆಯು ಇಲ್ಲದಿದ್ದ ಕಾರಣ ಫೆಬ್ರವರಿಯ ತನಕ ಅದು ಅಲ್ಲೇ ಬಿದ್ದಿತ್ತು. ಬೆಟ್ಟದ ಮೇಲೆ ಅದಕ್ಕಾಗಿ ಸಾಯುವವರು, ಕೆಳಗೆ ಬಂದರದಲ್ಲಿ ಪೀಪಾಯಿಗಳು!

1855ರ ಮಾರ್ಚಿಯಲ್ಲಿ ಅಲೆಕ್ಸಿ ಸೊಯರ್ ಎಂಬವರು ಸ್ಕುಟಾರಿಗೆ ಬಂದರು. ಇವರು ಫ್ರೆಂಚ್ ದೇಶಸ್ಥರು, ಲಂಡನಿನಲ್ಲಿ ರಿಫಾರ್ಮ್ ಕ್ಲಬ್ಬೆಂಬ ದೊಡ್ಡವರ ಕೂಟದಲ್ಲಿ ಮುಖ್ಯ ಅಡಿಗೆಯವರಾಗಿ ಬಲು ಪ್ರಖ್ಯಾತಿ ಹೊಂದಿದವರು. ಐರ್ಲೆಂಡಿನ ಬರಗಾಲದಲ್ಲಿ, 1847ರಲ್ಲಿ, ಡಬ್ಲಿನ್ ಪಟ್ಟಣದಲ್ಲಿ ಬಡವರಿಗಾಗಿ ಸಾರಿನ ಛತ್ರವನ್ನು ನಡಿಸಿದ್ದರು. ಈಗ ತಮ್ಮ ಸ್ವಂತ ವೆಚ್ಚದಿಂದ ಬಂದರು. ಬಣ್ಣಬಣ್ಣದ ಉಡುಪು, ಬಾಯಿತುಂಬಾ ಮಾತು, ಸ್ವಲ್ಪ ಜಂಬ. ನೈಟಿಂಗೇಲ್ ಅಮ್ಮನವರ ಸ್ವಭಾವಕ್ಕೂ ಇವರ ಸ್ವಭಾವಕ್ಕೂ ಹೊಂದಿಕೆಯೇ ಇಲ್ಲ. ಆದರೆ ಇಬ್ಬರೂ ಒಬ್ಬರ ಕೆಲಸವನ್ನು ಒಬ್ಬರು ಕಂಡ ಕೂಡಲೇ ಗುರುತಿಸಿದರು. ಸೊಯರ್‌ರವರು ಹೆಚ್ಚು ಸಾಮಾನನ್ನು ಕೇಳಲಿಲ್ಲ. ಅದೇ ಪಡಿಯಿಂದಲೇ ರುಚಿಯಾದ ಸಾರನ್ನು ಮಾಡಿ ತೋರಿಸಿದರು. ಮಾಂಸವನ್ನು ಸಡಿಲವಾಗಿ ಕಟ್ಟಬೇಕು, ಬೆಂದ ನೀರನ್ನು ಚೆಲ್ಲದೆ ಸಾರಿಗೆ ಉಪಯೋಗಿಸಬೇಕು, ಮೇಲೆ ತೇಲುವ ಕೊಬ್ಬನ್ನು ತೆಗೆದಿಟ್ಟರೆ ಬೆಣ್ಣೆಗಿಂತ ಮೇಲು ಎಂದು ಕಲಿಸಿದರು. ಕೈಗೆ ಸಿಕ್ಕಿದ ಸಿಪಾಯಿಯನ್ನು ದಿನಕ್ಕೊಬ್ಬನಂತೆ ಅಡಿಗೆಗೆ ನೂಕುವದನ್ನು ನಿಲ್ಲಿಸಿ, ಕೆಲವರನ್ನು ಆರಿಸಿ ಅಡಿಗೆಯ ಕೆಲಸಕ್ಕೆಂದೇ ತಯಾರುಮಾಡಿದರು. ಸೌದೆ ಕಡಿಮೆ ಬೇಕಾಗುವ ಒಂದು ಒಲೆಯನ್ನೂ ಕಲ್ಪಿಸಿದರು. ಇಂಗ್ಲಿಷ್ ದಂಡಿನವರು ಆ ಬಗೆಯ ಒಲೆಯನ್ನು ನೂರು ವರುಷಗಳಿಗಿಂತಲೂ ಹೆಚ್ಚು ಕಾಲ ಉಪಯೋಗಿಸಿದರು. ಸೊಯರ್‌ರವರು 1858ರಲ್ಲಿ ತೀರಿಕೊಂಡಾಗ, ಅವರ ಕೆಲಸವನ್ನು ಮುಂದುವರಿಸಬಲ್ಲವರು ಬೇರೆ ಇಲ್ಲವೆಂದು ನೈಟಿಂಗೇಲ್ ಅಮ್ಮನವರು ದುಃಖಪಟ್ಟರು.

ಇಷ್ಟೆಲ್ಲಾ ಆದ ಮೇಲೆ ರೋಗಿಗಳು ಬದುಕಿರಬೇಕೆಂದು ವಾಚಕರು ಎಣಿಸುವರು. ಹಾಗಾಗಲಿಲ್ಲ. ಇಲ್ಲಿಯೇ ಈ ಚರಿತ್ರೆಯ ಕಠಿಣವಾದ ಭಾಗವಿರುವದು. ಆ ಚಳಿಗಾಲದಲ್ಲಿ, ಪಥ್ಯದ ಅಡಿಗೆಮನೆಗಳು ಹಗಲುರಾತ್ರಿ ನಡೆಯುತ್ತಿದ್ದಾಗಲೇ, ಸಾವುಗಳು ಏರುತ್ತಾ ಹೋದವು. 1855ರ ಫೆಬ್ರವರಿಯಲ್ಲಿ ಆಸ್ಪತ್ರೆ ಸೇರಿದವರಲ್ಲಿ ನೂರಕ್ಕೆ 42ರಷ್ಟು ಮಂದಿ ಸತ್ತರು. ಮಾರ್ಚಿಯಲ್ಲಿ ಇಂಗ್ಲೆಂಡಿನಿಂದ ವೈದ್ಯರಾದ ಸದರ್ಲೆಂಡರೇ ಮೊದಲಾದ ಆರೋಗ್ಯ ವಿಚಾರಣೆಯವರು ಬಂದು ನೋಡಿದರೆ, ಕಟ್ಟಡದ ಕೆಳಗೆ ಮೋರಿಗಳು ಕಟ್ಟಿ ಮಲವು ತುಂಬಿ ನಿಂತಿತ್ತು. ಕುಡಿಯುವ ನೀರು ಕೆಟ್ಟಿತ್ತು. ಅವರು ಮೋರಿಗಳನ್ನು ತೊಳಸಿ, ಸತ್ತ ಪ್ರಾಣಿಗಳನ್ನು ಹೂಳಿಸಿ, ಗೋಡೆಗಳಿಗೆ ಸುಣ್ಣ ಬಳಿಸಿ, ಗಾಳಿಯಾಡುವಂತೆ ಮಾಡಿಸಿದರು. ಜೂನ್ ತಿಂಗಳಿಗೆ ಸಾವು ನೂರಕ್ಕೆ ಸುಮಾರು ಎರಡಕ್ಕೆ ಇಳಿಯಿತು.

ಯುದ್ಧ ಮುಗಿದು 1856ರಲ್ಲಿ ಊರಿಗೆ ಮರಳಿದ ಮೇಲೆ ನೈಟಿಂಗೇಲ್ ಅಮ್ಮನವರು ಸಂಖ್ಯಾಶಾಸ್ತ್ರಜ್ಞರಾದ ವಿಲಿಯಂ ಫಾರ್ ಎಂಬವರ ಸಂಗಡ ಕೂತು ಈ ಸಾವುಗಳ ಲೆಕ್ಕವನ್ನು ಶೋಧಿಸಿದರು. ಸಿಪಾಯಿಗಳು ಹಸಿವಿನಿಂದಲೂ ಚಳಿಯಿಂದಲೂ ಬಳಲಿ ತಡವಾಗಿ ಬಂದದ್ದೇ ಅವರ ಸಾವಿಗೆ ಕಾರಣವೆಂದು ಅವರು ಅದುವರೆಗೆ ನಂಬಿದ್ದರು. ಅಂಕೆಗಳು ಬೇರೆ ಸಂಗತಿಯನ್ನು ತೋರಿಸಿದವು: ಗಾಯಗಳಿಗಿಂತಲೂ ತಡೆಯಬಹುದಾಗಿದ್ದ ರೋಗಗಳೇ ಹೆಚ್ಚು ಮಂದಿಯನ್ನು ಕೊಂದಿದ್ದವು, ಆಸ್ಪತ್ರೆಯ ಹೊಲಸೇ ಅವುಗಳನ್ನು ಬೆಳಸಿತ್ತು. ತಾವು ಬಟ್ಟಲುಬಟ್ಟಲಾಗಿ ಉಣ್ಣಿಸಿದ್ದು ವಿಷದ ಮನೆಯೊಳಗೆ ಎಂಬದು ಅವರಿಗೆ ಎಂಥ ಪೆಟ್ಟಾಗಿರಬೇಕು! ಬೇರೆಯವರಾಗಿದ್ದರೆ ಆ ಲೆಕ್ಕವನ್ನು ಮುಚ್ಚಿಡುತ್ತಿದ್ದರು. ಲೋಕವೆಲ್ಲಾ ಅವರನ್ನು ಹೊಗಳುತ್ತಿದ್ದ ಕಾಲವದು. ಅವರಾದರೋ 1858ರಲ್ಲಿ ಅದನ್ನು ಬಣ್ಣದ ಚಕ್ರಗಳ ರೂಪದಲ್ಲಿ ಬರೆದು, ಓದುಬಾರದವರಿಗೂ ಕಣ್ಣಿಗೆ ಕಾಣುವಂತೆ ಮಾಡಿ, ಮಂತ್ರಿಗಳ ಮುಂದೆ ಇಡಿಸಿದರು. ಆದದರಿಂದ ಆಹಾರವೊಂದೇ ರೋಗಿಯನ್ನು ಉಳಿಸಿತೆಂದು ಈ ಚರಿತ್ರೆಯನ್ನು ಓದಿದವರು ಹೇಳಬಾರದು. ಶುದ್ಧವಾದ ನೀರು, ಗಾಳಿ, ಕೈ, ಪಾತ್ರೆ ಇವುಗಳಿಲ್ಲದಲ್ಲಿ ಒಳ್ಳೆಯ ಊಟವೂ ವ್ಯರ್ಥವೇ.

ಅವರು ತಾವೂ ರೋಗಿಯಾದರು. 1855ರ ಮೇ ತಿಂಗಳಲ್ಲಿ ಬಾಲಕ್ಲಾವಕ್ಕೆ ಹೋಗಿದ್ದಾಗ ಅಲ್ಲಿಯ ಜ್ವರವು ತಗಲಿ ಸಾಯುವ ಹಾಗಾಗಿ ಬದುಕಿದರು. ಆ ರೋಗದ ಬೇರು ಹೋಗಲಿಲ್ಲ. ಮುಂದೆ ಬಹಳ ವರುಷ ಹಾಸಿಗೆಯಲ್ಲೇ ಇದ್ದು ಕೆಲಸ ಮಾಡಿದರು. ಆದಕಾರಣ ರೋಗಿಗಳ ಊಟದ ಕುರಿತು ಅವರು ಬರೆದದ್ದರಲ್ಲಿ ತಟ್ಟೆ ಹಿಡಿದು ನಿಂತವಳ ತಿಳುವಳಿಕೆಯೂ, ತಟ್ಟೆಯನ್ನು ಕಂಡು ಮುಖ ತಿರುಗಿಸಿದವಳ ತಿಳುವಳಿಕೆಯೂ ಕೂಡಿವೆ.

ಶುಶ್ರೂಷೆಯ ಕುರಿತಾದ ಅವರ ಚಿಕ್ಕ ಪುಸ್ತಕವು 1860ರ ಆರಂಭದಲ್ಲಿ ಹೊರಟಿತು. ಮರುವರುಷ ಕೂಲಿಕೆಲಸದವರ ಮನೆಗಳಿಗಾಗಿ ಅದನ್ನು ಸುಲಭಮಾಡಿ ಕಡಿಮೆ ಬೆಲೆಗೆ ಅಚ್ಚುಹಾಕಿಸಿದರು. ಅದರಲ್ಲಿ ಊಟಕ್ಕೆ ಎರಡು ಅಧ್ಯಾಯಗಳಿವೆ: ಹೇಗೆ ಉಣ್ಣಿಸಬೇಕೆಂಬದಕ್ಕೆ ಒಂದು, ಏನನ್ನು ಉಣ್ಣಿಸಬೇಕೆಂಬದಕ್ಕೆ ಇನ್ನೊಂದು. ಹೇಗೆ ಎಂಬದನ್ನು ಅವರು ಮುಂದಿಟ್ಟದ್ದು ಗಮನಿಸತಕ್ಕದ್ದು. ಸಮೃದ್ಧಿಯ ಮಧ್ಯದಲ್ಲೇ ಸಾವಿರಾರು ರೋಗಿಗಳು ಪ್ರತಿವರುಷ ಉಪವಾಸ ಬೀಳುತ್ತಾರೆ, ಅದಕ್ಕೆ ಕಾರಣ ಉಣ್ಣಿಸುವ ಕ್ರಮದಲ್ಲಿ ಅಲಕ್ಷ್ಯವೇ ಎಂಬದು ಅವರ ಅಭಿಪ್ರಾಯ. ಬಹಳ ಬಲಹೀನನಾದವನು ಬೆಳಿಗ್ಗೆ ಗಟ್ಟಿಯಾದ ಆಹಾರವನ್ನು ನುಂಗಲಾರನು; ರಾತ್ರಿಯ ಜ್ವರದಿಂದ ಬಾಯಿ ಒಣಗಿರುತ್ತದೆ. ಅವನಿಗೆ ಗಂಟೆಗೊಮ್ಮೆ ಒಂದೊಂದು ಚಮಚ ಗಂಜಿಯನ್ನೋ ಸಾರನ್ನೋ ಹಾಲನ್ನೋ ಕೊಡುತ್ತಾ ಬಂದರೆ ಬಲ ಬರುವದು; ಮೂರು ಗಂಟೆಗೊಮ್ಮೆ ಒಂದು ಬಟ್ಟಲನ್ನು ಮುಂದಿಟ್ಟರೆ ಹೊಟ್ಟೆಯು ತಿರಸ್ಕರಿಸುವದು. ಹೇಳಿದ ಹೊತ್ತಿಗೆ ತರಬೇಕು. ಹತ್ತು ನಿಮಿಷ ತಡವಾದರೆ ಬಂದ ಹಸಿವು ಹೋಗಿಬಿಡುತ್ತದೆ. ತಿನ್ನದೆ ಬಿಟ್ಟದ್ದನ್ನು ಆಮೇಲಾದರೂ ತಿಂದಾನೆಂದು ಪಕ್ಕದಲ್ಲಿ ಇಟ್ಟುಬಿಡಬಾರದು; ಅದನ್ನು ನೋಡಿನೋಡಿಯೇ ಅವನಿಗೆ ಅಸಹ್ಯವಾಗುವದು. ತಿನ್ನುವಾಗ ಮಾತಾಡಿಸಬಾರದು, ಕೆಲಸದ ಸುದ್ದಿ ಎತ್ತಬಾರದು. ಬೇರೆಯವರ ಅಡಿಗೆಯ ವಾಸನೆಯು ಅವನಿಗೆ ಬರಬಾರದು. ಬಟ್ಟಲಿನ ತಳವು ಒಣಗಿರಬೇಕು; ತೊಟ್ಟಿಕ್ಕಿ ಹಾಸಿಗೆ ಬಟ್ಟೆ ಒದ್ದೆಯಾದರೆ ರೋಗಿಗೆ ಅದೇ ದೊಡ್ಡ ಕಿರುಕುಳ. ಒಡೆದ ಹಾಲನ್ನೂ ಕೆಟ್ಟ ಮೊಟ್ಟೆಯನ್ನೂ ಅವನ ಎದುರಿಗೆ ತರಲೇಬಾರದು.

ಏನನ್ನು ಎಂಬ ವಿಷಯದಲ್ಲಿ ಅವರು ತಮ್ಮ ಕಾಲದವರ ನಂಬಿಕೆಗೆ ಎದುರಾಗಿ ನಿಂತರು. ಮಾಂಸದ ತಿಳಿಸಾರೇ ಎಲ್ಲಕ್ಕಿಂತ ಪುಷ್ಟಿಯೆಂದು ಆಗ ಜನರು ತಿಳಿದಿದ್ದರು. ಅದನ್ನು ಒಲೆಯ ಮೇಲಿಟ್ಟು ನೀರೆಲ್ಲಾ ಇಂಗಿಸಿ ನೋಡಿರಿ, ತಳದಲ್ಲಿ ಎಷ್ಟು ಉಳಿಯುತ್ತದೆ ಎಂದು ಅವರು ತಿಳಿಸಿದರು. ಉಳಿಯುವದು ಅತ್ಯಲ್ಪ. ರೋಗಿಗೆ ಅದರಿಂದ ಚೇತನವು ಬಂದಂತೆ ಕಂಡರೂ ಅದೊಂದರಿಂದಲೇ ಅವನು ಬದುಕಲಾರನು. ಜೆಲ್ಲಿಯೂ ಹಾಗೆಯೇ. ಹಾಲಿಗೆ ಅವರು ಪ್ರಥಮಸ್ಥಾನ ಕೊಟ್ಟರು. ಆದರೆ ಪುಸ್ತಕದಲ್ಲಿ ಬರೆದದ್ದಕ್ಕಿಂತಲೂ ರೋಗಿಯ ಹೊಟ್ಟೆಯು ಹೇಳುವದೇ ದೊಡ್ಡದೆಂದೂ, ಯಾವದು ಒಗ್ಗಿತು ಯಾವದು ಒಗ್ಗಲಿಲ್ಲ, ಎಷ್ಟು ತಂದದ್ದರಲ್ಲಿ ಎಷ್ಟು ಹೊಟ್ಟೆಗೆ ಹೋಯಿತೆಂದು ದಾದಿಯು ದಿನಾಲು ನೋಡಿ ವೈದ್ಯನಿಗೆ ತಿಳಿಸಬೇಕೆಂದೂ ಒತ್ತಿ ಬರೆದರು.

ಜ್ವರಕ್ಕೆ ಉಪವಾಸವೇ ಮದ್ದೆಂಬ ಮಾತು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದೆ. ಯೂರೋಪಿನಲ್ಲಿಯೂ ಹಿಂದೆ ಇತ್ತು. ಡಬ್ಲಿನ್ ಪಟ್ಟಣದ ರಾಬರ್ಟ್ ಗ್ರೇವ್ಸ್ ಎಂಬ ವೈದ್ಯರು ಆ ಮಾತಿಗೆ ವಿರೋಧವಾಗಿ ವಿಷಮಜ್ವರದವರಿಗೆ ಉಣ್ಣಿಸಿ ಬದುಕಿಸಿದರು. ತಾವು ಜ್ವರದವರಿಗೆ ಊಟ ಕೊಟ್ಟೆವೆಂಬದನ್ನೇ ಸಮಾಧಿಯ ಕಲ್ಲಿನಲ್ಲಿ ಬರೆಯಬಹುದೆಂದು ಅವರು ತಮ್ಮ ಶಿಷ್ಯರಿಗೆ ಹೇಳಿದ್ದರಂತೆ. ಒಂದು ಹೊತ್ತು ಬಾಯಿಗೆ ರುಚಿಯಿಲ್ಲದೆ ಬಿಡುವದು ಬೇರೆ; ವಾರಗಟ್ಟಲೆ ಜ್ವರದಲ್ಲಿ ಬೇಯುವವನನ್ನು ಬರೇ ನೀರಿನಲ್ಲಿ ಇಡುವದು ಬೇರೆ.

ನೈಟಿಂಗೇಲ್ ಅಮ್ಮನವರು ಆಸ್ಪತ್ರೆಗಳ ಕುರಿತು ಬರೆದ ಮತ್ತೊಂದು ಪುಸ್ತಕದ 1863ನೇ ಇಸವಿಯ ಮುದ್ರಣದಲ್ಲಿ, ಶಸ್ತ್ರಚಿಕಿತ್ಸೆಯಾದವರು ಚೇತರಿಸಿಕೊಳ್ಳುವ ತನಕ ಅವರನ್ನು ಆ ಕೊಠಡಿಗೆ ಸೇರಿದ ಚಿಕ್ಕ ಕೋಣೆಯಲ್ಲಿ ಇಡುವ ಪದ್ಧತಿಯು ಕೆಲವು ಸಣ್ಣ ಊರುಗಳ ಆಸ್ಪತ್ರೆಗಳಲ್ಲಿ ಉಂಟೆಂದು ಹೇಳಿದ್ದಾರೆ. ಈಗ ದೊಡ್ಡ ಆಸ್ಪತ್ರೆಗಳಲ್ಲಿರುವ ತೀವ್ರ ನಿಗಾ ಘಟಕಕ್ಕೆ ಇದು ಒಂದು ಬೀಜವೆಂದು ಅನೇಕರು ಎಣಿಸುವರು. ಆ ಘಟಕವು ಈಗಿನ ರೂಪಕ್ಕೆ ಬಂದದ್ದು ಬಹಳ ತಡವಾಗಿ: 1952ರಲ್ಲಿ ಕೋಪನ್‌ಹೇಗನ್ ಪಟ್ಟಣದಲ್ಲಿ ಪೋಲಿಯೋ ರೋಗವು ಹರಡಿ ಉಸಿರು ನಿಂತವರಿಗೆ ವಿದ್ಯಾರ್ಥಿಗಳು ಸರದಿಯಂತೆ ಕೂತು ಕೈಯಿಂದ ಚೀಲವನ್ನು ಒತ್ತಿ ಉಸಿರು ಕೊಟ್ಟ ನಂತರ, ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರು ಮರುವರುಷ ಅಂಥ ಘಟಕವನ್ನು ಏರ್ಪಡಿಸಿದರು.

ಈಗ ಅಲ್ಲಿ ಉಸಿರಿನ ಯಂತ್ರಕ್ಕೆ ಸಿಕ್ಕಿಸಿದ ರೋಗಿಗೆ ಬಾಯಿಂದ ತಿನ್ನಲಾಗದು. ಮೂಗಿನ ಮೂಲಕ ಹೊಟ್ಟೆಗೆ ಇಳಿಸಿದ ತೆಳುವಾದ ಕೊಳವೆಯಿಂದ ದ್ರವಾಹಾರವನ್ನು ಕೊಡುತ್ತಾರೆ. ಸಾಧ್ಯವಾದರೆ ಮೊದಲನೆಯ 24ರಿಂದ 48 ಗಂಟೆಗಳೊಳಗೆ ಆರಂಭಿಸುತ್ತಾರೆ. ರಕ್ತದ ಒತ್ತಡವು ಕುಸಿದಿದ್ದರೆ ಅದು ನಿಲುಗಡೆಗೆ ಬರುವ ತನಕ ಕಾಯುತ್ತಾರೆ. ಯಾಕೆ ಅಷ್ಟು ಬೇಗ? ಕಠಿಣ ರೋಗದಲ್ಲಿ ದೇಹವು ತನ್ನ ಮಾಂಸವನ್ನೇ ತಿಂದುಕೊಳ್ಳುತ್ತದೆ. ಹತ್ತೇ ದಿನಗಳಲ್ಲಿ ತೊಡೆಯ ಸ್ನಾಯುವಿನ ಆರನೆಯ ಒಂದು ಪಾಲಿಗಿಂತಲೂ ಹೆಚ್ಚು ಕರಗಿದ್ದನ್ನು ಅಳೆದು ನೋಡಿದ್ದಾರೆ. ಕರುಳಿಗೆ ಏನೂ ಬಾರದಿದ್ದರೆ ಅದರ ಒಳಪದರವೂ ಸೊರಗುವದು. ಆದರೂ ಒಮ್ಮೆಗೇ ತುಂಬುವದಿಲ್ಲ. ಕಡಿಮೆಯಿಂದ ಆರಂಭಿಸಿ ಕೆಲವು ದಿನಗಳಲ್ಲಿ ಪೂರ್ಣಕ್ಕೆ ತರುತ್ತಾರೆ. ದೇಹದ ಒಂದೊಂದು ಕಿಲೋಗ್ರಾಮ್ ಭಾರಕ್ಕೆ ದಿನಕ್ಕೆ 1.3 ಗ್ರಾಮ್ ಸಸಾರಜನಕವು ಕ್ರಮವಾಗಿ ಮುಟ್ಟಬೇಕೆಂದು ಯೂರೋಪಿನ ವೈದ್ಯರ ಸಂಘವು 2019ರಲ್ಲಿ ಸೂಚಿಸಿತು. ಬೆಲ್ಜಿಯಮ್ ದೇಶದಲ್ಲಿ 4,640 ಮಂದಿ ರೋಗಿಗಳಲ್ಲಿ ನಡಿಸಿ 2011ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ಕೊರತೆಯನ್ನು ತುಂಬುವದಕ್ಕಾಗಿ ಆರಂಭದಲ್ಲೇ ರಕ್ತನಾಳದ ಮೂಲಕ ಆಹಾರವನ್ನು ಕೊಟ್ಟವರಿಗಿಂತ ಒಂದು ವಾರ ತಡೆದು ಕೊಟ್ಟವರೇ ಬೇಗ ಚೇತರಿಸಿಕೊಂಡರು. ಬಹುಕಾಲ ಉಪವಾಸವಿದ್ದವನಿಗಂತೂ ಏಕಾಏಕಿ ಹೊಟ್ಟೆತುಂಬಾ ಕೊಟ್ಟರೆ ರಕ್ತದಲ್ಲಿನ ಲವಣಗಳು ತಟ್ಟನೆ ಇಳಿದು ಹೃದಯವೇ ನಿಲ್ಲಬಹುದು.

ಇಲ್ಲಿ ಒಂದು ಮಾತು. ನಮ್ಮವರು ಆಸ್ಪತ್ರೆಯ ಹೊರಗೆ ಗಂಜಿಯ ತಂಬಿಗೆಯನ್ನು ಹಿಡಿದುಕೊಂಡು ಕಾದಿರುತ್ತಾರೆ. ಒಳಗಿರುವವನ ಹೊಟ್ಟೆಗೆ ಏನೂ ಹೋಗಿಲ್ಲವೆಂದು ಅವರಿಗೆ ಸಂಕಟ. ಅರೆಪ್ರಜ್ಞೆಯಲ್ಲಿರುವವನ ಬಾಯಿಗೆ ಪ್ರೀತಿಯಿಂದ ಹನಿಸಿದ ಗಂಜಿಯು ಶ್ವಾಸಕೋಶಕ್ಕೆ ಇಳಿದು ಅವನನ್ನು ಕೊಲ್ಲಬಹುದು. ಕೊಳವೆಯಿಂದ ಕೊಡುವಾಗಲೂ ತಲೆಯ ಭಾಗವನ್ನು 30ರಿಂದ 45 ಅಂಶದಷ್ಟು ಎತ್ತರಿಸಿ ಮಲಗಿಸುವದು ಇದೇ ಕಾರಣದಿಂದ. ಒಳಗೆ ಯಾವ ಆಹಾರ ಹೋಗುತ್ತಾ ಇದೆ, ಎಷ್ಟು ಹೋಗುತ್ತಾ ಇದೆ ಎಂದು ದಾದಿಯಮ್ಮನವರನ್ನು ಕೇಳುವದರಲ್ಲಿ ನಾಚಿಕೆಯಿಲ್ಲ.

ನೈಟಿಂಗೇಲ್ ಅಮ್ಮನವರು ಹಿಂದುದೇಶಕ್ಕೆ ಎಂದೂ ಬರಲಿಲ್ಲ. ಆದರೂ 1876ರಿಂದ 1878ರ ವರೆಗಿನ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, ಮೈಸೂರು ಸೀಮೆಯಲ್ಲಿಯೂ ಬಳ್ಳಾರಿಯಲ್ಲಿಯೂ ಜನರು ದಾರಿದಾರಿಯಲ್ಲಿ ಬಿದ್ದು ಸತ್ತ ಸುದ್ದಿಯು ಅವರ ಹಾಸಿಗೆಯ ಬಳಿಗೂ ಮುಟ್ಟಿತು. ಪರಿಹಾರದ ಕೆಲಸ ಮಾಡುವ ಗಂಡಾಳಿಗೆ ದಿನಕ್ಕೆ ಒಂದು ರಾತ್ಲು ಧಾನ್ಯವೂ ಒಂದಾಣೆಯೂ ಸಾಕೆಂದು 1877ರಲ್ಲಿ ಸರ್ ರಿಚರ್ಡ್ ಟೆಂಪಲ್‌ರವರು ಕಟ್ಟುಮಾಡಿದರು. ಮದ್ರಾಸಿನ ಆರೋಗ್ಯಾಧಿಕಾರಿಗಳಾದ ವೈದ್ಯ ಕಾರ್ನಿಷ್‌ರವರು ಕೆಲಸಗಾರನ ದೇಹವು ಇಷ್ಟರಿಂದ ನಿಲ್ಲಲಾರದೆಂದು ಬಲವಾಗಿ ವಾದಿಸಿದರು, ಪಡಿಯನ್ನು ಹೆಚ್ಚಿಸಬೇಕಾಯಿತು. ನೈಟಿಂಗೇಲ್ ಅಮ್ಮನವರು 1878ರ ಆಗಸ್ಟಿನಲ್ಲಿ ಲಂಡನಿನ ಒಂದು ದೊಡ್ಡ ಮಾಸಪತ್ರಿಕೆಯಲ್ಲಿ ಹಿಂದುದೇಶದ ರೈತನ ಸಾಲ, ಹಸಿವು, ನೀರಾವರಿಯ ಕೊರತೆ ಇವುಗಳ ಕುರಿತು ಬರೆದು ಅಧಿಕಾರಿಗಳಿಗೆ ಸಿಟ್ಟುಬರಿಸಿದರು. ಸ್ಕುಟಾರಿಯ ಉಗ್ರಾಣವನ್ನು ಕಂಡವರಿಗೆ ಈ ಲೆಕ್ಕಾಚಾರವು ಹೊಸದಾಗಿ ತೋರಿರಲಿಕ್ಕಿಲ್ಲ.

1860ರಲ್ಲಿ ಲಂಡನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ಧರ್ಮನಿಧಿಯಿಂದ ದಾದಿಯರ ಶಾಲೆಯು ತೆರೆಯಲ್ಪಟ್ಟಿತು. ಅಲ್ಲಿ ಕಲಿತವರು ಲೋಕದ ನಾನಾ ಕಡೆಗಳಿಗೆ ಹೋದರು. ರೋಗಿಗಳಿಗಾಗಿ ಗಂಜಿ, ಕೂವೆ, ಪಾನಕ ಮುಂತಾದವುಗಳನ್ನು ತಯಾರಿಸಲಿಕ್ಕೆ ತಿಳಿದಿರಬೇಕೆಂಬದು ಅಲ್ಲಿಯ ಪಾಠಗಳಲ್ಲಿ ಒಂದಾಗಿತ್ತು. ಕಣ್ಣು ಮಂಜಾಗುವ ವರೆಗೆ ಅವರು ಈ ಹೆಣ್ಣುಮಕ್ಕಳಿಗೆ ಕಾಗದ ಬರೆಯುತ್ತಾ, ಯಾರಾದರೂ ಕಾಯಿಲೆ ಬಿದ್ದರೆಂದು ಕೇಳಿದರೆ ತಮ್ಮ ಮನೆಯಿಂದ ಪಥ್ಯದ ಊಟವನ್ನು ಕಳುಹಿಸುತ್ತಿದ್ದರು.

1907ರಲ್ಲಿ ಅರಸರು ಆರ್ಡರ್ ಆಫ್ ಮೆರಿಟ್ ಎಂಬ ಬಿರುದನ್ನು ಕೊಟ್ಟರು. ಅದುವರೆಗೆ ಯಾವ ಸ್ತ್ರೀಗೂ ಅದು ದೊರೆತಿರಲಿಲ್ಲ. 1910ರ ಆಗಸ್ಟ್ 13ರಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ, ಲಂಡನಿನ ತಮ್ಮ ಮನೆಯಲ್ಲಿ ನಿದ್ರೆಯಲ್ಲೇ ತೀರಿಕೊಂಡರು. ದೇಶದ ದೊಡ್ಡವರನ್ನು ಹೂಣಿಡುವ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಸ್ಥಳ ಕೊಡುವೆವೆಂದು ಹೇಳಿಕಳುಹಿಸಿದಾಗ ಮನೆಯವರು ಅದನ್ನು ಒಪ್ಪಿಕೊಳ್ಳಲಿಲ್ಲ. ಪೂರ್ವ ವೆಲ್ಲೋ ಎಂಬ ಹಳ್ಳಿಯ ದೇವಾಲಯದ ಅಂಗಳದಲ್ಲಿ, ತಂದೆತಾಯಿಗಳ ಬಳಿಯಲ್ಲಿ, ಅವರನ್ನು ಹೂಣಿಟ್ಟರು. ಕಲ್ಲಿನ ಮೇಲೆ ಅವರ ಹೆಸರಿನ ಎರಡು ಮೊದಲಕ್ಷರಗಳೂ ಹುಟ್ಟಿದ ಸತ್ತ ವರುಷಗಳೂ ಇವೆ.